ಬಳೆ ತಿರುಗುತ್ತಾ?

ಗುಬ್ಬಿ
10 ಜುಲೈ 2024

ಸಿಂಚನಾ,

ಗಾಬರಿಯಾಗಬೇಡ, ಇದು ಬಿಲ್ಲಲ್ಲ. ಬಳೆ ಪೆಟ್ಟಿಗೆಯ ತಳದಲ್ಲಿ ಕಾಗದ ಇಟ್ಟು ಕಳಿಸುವ ಅಭ್ಯಾಸ ನನಗೂ ಇಲ್ಲ, ಇವತ್ತೇ ಮೊದಲು.

ನಾನು ‘ತಾಯಿಬಳಗ’ ವಾಟ್ಸ್‌ಆ್ಯಪ್ ಗ್ರೂಪಿನ ಗುಬ್ಬಿ ಗಂಗಕ್ಕ. ಪೂರ್ತಿ ಹೆಸರು ಸಿದ್ದಗಂಗಮ್ಮ. ಬಸ್ ಸ್ಟ್ಯಾಂಡ್ ಹತ್ತಿರ ಫ್ಯಾನ್ಸಿ ಸ್ಟೋರ್ ಇದೆ, ಹೊಟ್ಟೆಯಲ್ಲಿ ಎರಡನೆಯದು ಇದೆ, ಬಾಯಿ ಸ್ವಲ್ಪ ಜೋರು. ಮೊನ್ನೆ ನೀನು ಗ್ರೂಪಿನಲ್ಲಿ ಸೀಮಂತಕ್ಕೆ ಒಳ್ಳೆಯ ಹಸಿರು ಗಾಜಿನ ಬಳೆ ಎಲ್ಲಿ ಸಿಗುತ್ತೆ ಎಂದು ಕೇಳಿದೆ. ಉತ್ತರಗಳೇನೋ ಬೇಕಾದಷ್ಟು ಬಂದವು. ಒಬ್ಬಳು ಕೇಸರಿ ಹಾಲು ಕುಡಿ ಎಂದಳು, ಇನ್ನೊಬ್ಬಳು ಎಡಮಗ್ಗುಲಿಗೆ ಮಲಗು ಎಂದಳು, ನಮ್ಮ ಅಡ್ಮಿನ್ ಚೈತನ್ಯ ಮೇಡಂ ಉಪ್ಪಾರಹಳ್ಳಿಯ ತಮ್ಮ ಮನೆಯಿಂದ ಬಸುರಿಯರ ಯೋಗಾಸನದ ವಿಡಿಯೋ ಹಾಕಿದರು. ಬಳೆಯ ಬಗ್ಗೆ ಮಾತ್ರ ಯಾರೂ ಬಾಯಿಬಿಡಲಿಲ್ಲ. ಅದಕ್ಕೇ ನಾನು ನುಗ್ಗಿದ್ದು.

ನಿನ್ನ ಕೈ ಅಳತೆ ಎರಡು-ನಾಲ್ಕು ಎಂದೆ. ಈಗ ದಿನಾ ತೊಡುವುದಕ್ಕೆ ಆ ಅಳತೆಯದೇ ಒಂದು ಡಜನ್ ಕಳಿಸಿದ್ದೇನೆ. ಸೀಮಂತದ ಹೊತ್ತಿಗೆ ಕೈ ಕೊಂಚ ತುಂಬಿಕೊಳ್ಳುತ್ತದೆ, ಆಗ ಒಂದು ಸೈಜು ದೊಡ್ಡದು ಎರಡು-ಆರು ಕಳಿಸುತ್ತೇನೆ. ಚಿನ್ನದ ಗೆರೆಯ ಹೊಸ ಮಾಲು ಬರುವುದಿದೆ.

ಕಾಗದ ಬರೆದ ಕಾರಣ ಇದಲ್ಲ. ನೀನು ಗ್ರೂಪಿನಲ್ಲಿ ಏನೋ ಬರೆಯುತ್ತೀಯ, ತಕ್ಷಣ ಅಳಿಸುತ್ತೀಯ. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದು ನಿನ್ನ ಹೆಸರಿನಲ್ಲಿ ಎಷ್ಟು ಸಲ ನೋಡಿದೆನೋ. ಅಷ್ಟೊಂದು ಜನರ ಮುಂದೆ ಹೇಳಲಾಗದ್ದು ಏನಾದರೂ ಇದ್ದರೆ ಪೆಟ್ಟಿಗೆಯಲ್ಲಿಟ್ಟು ಕಳಿಸು. ಪೆಟ್ಟಿಗೆ ಹೇಗೂ ನನಗೆ ವಾಪಸು ಬೇಕು. ತುಮಕೂರು ಬಸ್ಸಿನವನ ಕೈಗೆ ಕೊಟ್ಟರೆ ನಮ್ಮ ಯಜಮಾನರು ಚಂದ್ರು ಇಳಿಸಿಕೊಳ್ಳುತ್ತಾರೆ. ಅವರಿಗೆ ಇನ್ನೊಬ್ಬರ ಕಾಗದ ಓದುವ ಚಟವಿಲ್ಲ, ನನ್ನದನ್ನೇ ಓದುವುದಿಲ್ಲ.

ನಿನ್ನ
ಗಂಗಕ್ಕ

•

ಕುಣಿಗಲ್
24 ಜುಲೈ 2024

ಗಂಗಕ್ಕ,

ಬಳೆ ಸರಿಯಾಗಿವೆ. ಕೈಯಲ್ಲಿ ಸಲೀಸಾಗಿ ತಿರುಗುತ್ತವೆ, ಅನ್ನ ಕಲಸುವಾಗ ಸದ್ದು ಮಾಡುತ್ತವೆ, ನಮ್ಮತ್ತೆಗೆ ಆ ಸದ್ದು ಬಹಳ ಇಷ್ಟ.

ಅಳಿಸಿದ್ದು ಯಾಕೆ ಎಂದು ಕೇಳಿದಿರಿ. ನಮ್ಮ ಮನೆಯಲ್ಲಿ ಸಂಜೆ ಊಟವಾದ ಮೇಲೆ ಟಿ.ವಿ. ಹಾಕುವುದಿಲ್ಲ. ಅತ್ತೆ ಬಸವಲಿಂಗಮ್ಮನವರು ವಿಭೂತಿ ಹಚ್ಚಿಕೊಂಡು, ಗೋಡೆಗೊರಗಿ ಕೂತು, ‘ಓದವ್ವ ನಿನ್ ಗ್ರೂಪ’ ಎನ್ನುತ್ತಾರೆ. ನಾನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಶಿರಾದವಳಿಗೆ ವಾಂತಿ ನಿಂತಿತೇ, ತಿಪಟೂರಿನವಳ ಗಂಡ ಸ್ಕ್ಯಾನಿಂಗಿಗೆ ಜೊತೆಗೆ ಹೋದನೇ, ಎಲ್ಲ ಅವರಿಗೆ ಬಾಯಿಪಾಠ. ಎಲ್ಲರಿಗೂ ಇಲ್ಲಿಂದಲೇ ಬುದ್ಧಿ ಹೇಳುತ್ತಾರೆ. ಅಂಥ ಕಡೆ ನಾನು ಏನು ಬರೆದರೂ ರಾತ್ರಿ ಅದನ್ನು ಅವರಿಗೆ ಓದಿ ಹೇಳಬೇಕಲ್ಲ. ನಮ್ಮನೆಯವರು ಕಿರಣ್‌ಕುಮಾರ್‌ಗೂ ನನ್ನ ಫೋನಿನ ಲಾಕ್ ಗೊತ್ತು. ಅವರು ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್, ಫೋನಿಗೆ ಏನಾದರೂ ಆದರೆ ರಿಪೇರಿ ಮಾಡುವವರೂ ಅವರೇ.

ಅಳಿಸಿದ್ದರಲ್ಲಿ ಒಂದನ್ನು ನಿಮಗೆ ಬರೆಯುತ್ತೇನೆ. ‘ಅಮ್ಮ ಇಲ್ಲದವರು ಇಂಥದ್ದನ್ನೆಲ್ಲ ಯಾರನ್ನ ಕೇಳ್ತೀರ?’ ಅಷ್ಟೇ. ನಮ್ಮಮ್ಮ ನಾನು ಪಿ.ಯು.ಸಿ. ಓದುವಾಗ ಹೋದರು. ಕ್ಯಾತ್ಸಂದ್ರದಲ್ಲಿ ಅಪ್ಪ ಹೋಟೆಲ್ ಇಟ್ಟುಕೊಂಡಿದ್ದಾರೆ. ಫೋನ್ ಮಾಡಿದರೆ ‘ಊಟ ಆಯ್ತೇನವ್ವ’ ಎನ್ನುತ್ತಾರೆ, ಅದರಾಚೆಗೆ ಅಪ್ಪನಿಗೆ ಮಾತು ಬರುವುದಿಲ್ಲ. ಅತ್ತೆ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಕ್ಕ, ತಪ್ಪು ತಿಳಿಯಬೇಡಿ. ತವರಿನ ಸೀಮಂತ, ಗಂಡನ ಮನೆಯ ಸೀಮಂತ ಎರಡನ್ನೂ ಸೇರಿಸಿ ನಾನೇ ಮಾಡುತ್ತೇನೆ, ತಾಯಿ ಇಲ್ಲದ ಹುಡುಗಿ ಎಂದು ಯಾರೂ ಆಡಬಾರದು ಎಂದಿದ್ದಾರೆ. ಸೆಪ್ಟೆಂಬರ್ ಒಂದು, ಭಾನುವಾರ.

ಈಚೆಗೆ ಕಾಲು ಊದಿ ಚಪ್ಪಲಿ ಹಿಡಿಸುವುದಿಲ್ಲ. ಕಿರಣ್ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದೇನೆ. ಗ್ರೂಪಿನಲ್ಲಿ ಕೇಳಿದೆ, ನೀವೂ ನೋಡಿರಬೇಕು. ಎಲ್ಲರೂ ‘ನಾರ್ಮಲ್’ ಎಂದರು. ಚೈತನ್ಯ ಮೇಡಂ ಬಾರ್ಲಿ ನೀರು ಹೇಳಿದರು. ಅತ್ತೆ, ‘ಕಾಲು ಊದುದ್ರೆ ಗಂಡೇ ಕಣವ್ವ’ ಎಂದು ತೀರ್ಪು ಕೊಟ್ಟರು.

ನಿಮ್ಮ
ಸಿಂಚನಾ

•

ಗುಬ್ಬಿ
6 ಆಗಸ್ಟ್ 2024

ಸಿಂಚನಾ,

ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು. ಬೇಡ, ಹೇಳಿದರೆ ಈ ಕಾಗದದ ವಿಷಯ ಗೊತ್ತಾಗುತ್ತದೆ. ಮನಸ್ಸಿನಲ್ಲೇ ಹೇಳು.

ಅಮ್ಮ ಇಲ್ಲದವರು ಯಾರನ್ನು ಕೇಳಬೇಕು ಎಂದೆಯಲ್ಲ, ನನ್ನನ್ನು ಕೇಳು. ನಾನು ನಿನಗಿಂತ ಆರೇಳು ವರ್ಷಕ್ಕೆ ದೊಡ್ಡವಳು, ನಿನಗೆ ಅಮ್ಮನಾಗುವಷ್ಟು ವಯಸ್ಸಾಗಿಲ್ಲ, ಆದರೆ ಅಮ್ಮಂದಿರ ಹಾಗೆ ಬಯ್ಯುವುದು ಚೆನ್ನಾಗಿ ಬರುತ್ತದೆ. ಈಗ ಶುರು ಮಾಡುತ್ತೇನೆ.

ಗ್ರೂಪು ನನಗೂ ಪ್ರಾಣ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಅದನ್ನೇ ತೆಗೆಯುತ್ತೇನೆ. ಎದೆಯುರಿ ನಿನಗೊಬ್ಬಳಿಗೇ ಅಲ್ಲ ಎಂದು ಗೊತ್ತಾದರೆ ಅರ್ಧ ಎದೆಯುರಿ ಅಲ್ಲಿಗೇ ಹೋಗುತ್ತದೆ. ಕಬ್ಬಿಣದ ಮಾತ್ರೆ ಹಾಲಿನ ಜೊತೆ ನುಂಗಬಾರದು ಎಂದು ನನಗೆ ಹೇಳಿಕೊಟ್ಟದ್ದೂ ಗ್ರೂಪೇ. ಆದರೆ ಒಂದು ತಿಳಿದುಕೋ. ನಲವತ್ತು ಜನ ನಾರ್ಮಲ್ ಎಂದರೆ ಆ ನಲವತ್ತು ಜನರ ಕಾಲು ನಾರ್ಮಲ್. ನಿನ್ನ ಕಾಲನ್ನು ಅವರಲ್ಲಿ ಯಾರೂ ನೋಡಿಲ್ಲ.

ನನ್ನ ಮೊದಲನೆಯವನು ಹೊಟ್ಟೆಯಲ್ಲಿದ್ದಾಗ ನನಗೆ ಬಿ.ಪಿ. ಏರಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ, ಚೆನ್ನಾಗಿಯೇ ಇದ್ದೆ, ಪಾತ್ರೆ ತೊಳೆಯುತ್ತಿದ್ದೆ. ತಪಾಸಣೆಗೆಂದು ಹೋದವಳನ್ನು ಡಾಕ್ಟರು ಮನೆಗೆ ಬಿಡಲೇ ಇಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಸೀಲಿಂಗ್ ಫ್ಯಾನ್ ನೋಡಿಕೊಂಡು ಮಲಗಿದ್ದೆ. ಈಗ ಆ ಹುಡುಗ ಒಂದನೇ ಕ್ಲಾಸಿನಲ್ಲಿದ್ದಾನೆ, ಅಂಗಡಿಯ ಕ್ಲಿಪ್ಪುಗಳನ್ನೆಲ್ಲ ಮುರಿದು ಹಾಕುತ್ತಾನೆ. ಆದ್ದರಿಂದ ಹೆದರುವಂಥದ್ದಲ್ಲ, ನೋಡಿಸಿಕೊಳ್ಳುವಂಥದ್ದು.

ಕೇಳುತ್ತಿದ್ದೇನೆ, ಉತ್ತರ ಬರೆ: ಹೋದ ಸಲ ತೋರಿಸಿದಾಗ ಬಿ.ಪಿ. ಎಷ್ಟಿತ್ತು? ಮತ್ತೆ ಯಾವಾಗ ನೋಡಿಸುತ್ತೀಯ?

ಚಿನ್ನದ ಗೆರೆಯ ಬಳೆ ಈ ಪೆಟ್ಟಿಗೆಯಲ್ಲಿವೆ. ಎರಡು-ಆರು, ಎರಡು ಡಜನ್. ಇಂಥ ಮಾಲು ತುಮಕೂರಿನಲ್ಲೂ ಸಿಗುವುದಿಲ್ಲ, ಯಾರು ಬೇಕಾದರೂ ಹುಡುಕಿ ನೋಡಲಿ.

ಗಂಗಕ್ಕ

•

ಕುಣಿಗಲ್
27 ಆಗಸ್ಟ್ 2024

ಗಂಗಕ್ಕ,

ಬಳೆ ನೋಡಿ ಅತ್ತೆ ಮಾತೇ ಆಡಲಿಲ್ಲ. ಅವರು ಮಾತಾಡದಿದ್ದರೆ ಬಹಳ ಮೆಚ್ಚಿದರು ಎಂದು ಅರ್ಥ. ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದಾರೆ, ಆ ದಿನವೇ ತೊಡಬೇಕಂತೆ, ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೇ ಈ ಸಲ ಪೆಟ್ಟಿಗೆಯಿಲ್ಲದೆ ಬರೀ ಕಾಗದ.

ಮನೆ ತುಂಬ ಗದ್ದಲ. ಕೆರೆ ಏರಿ ಹತ್ತಿರದ ಸಮುದಾಯ ಭವನ ಬುಕ್ ಮಾಡಿದ್ದಾರೆ. ಅಡುಗೆಯವರಿಗೆ ಚಿತ್ರಾನ್ನ ಬೇಡ, ಪುಳಿಯೋಗರೆ ಮಾಡಿ ಎಂದು ಅತ್ತೆ, ಎರಡೂ ಮಾಡಿ ಎಂದು ಮಾವ. ಗಂಧದ ಬಣ್ಣದ ಸೀರೆ ತಂದಿದ್ದಾರೆ. ನಮ್ಮಮ್ಮನ ಹಳೆಯ ಫೋಟೋವನ್ನು ಅಪ್ಪನ ಹತ್ತಿರ ಕೇಳಿ ತರಿಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ್ದಾರೆ. ಆರತಿಯ ಹೊತ್ತಿಗೆ ಆ ಫೋಟೋ ನನ್ನ ಪಕ್ಕದ ಕುರ್ಚಿಯ ಮೇಲೆ ಇರಬೇಕಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ನೋಡಿದಾಗ ನಾನು ಅತ್ತುಬಿಟ್ಟೆ. ಅತ್ತೆ, ‘ಅಳಬ್ಯಾಡ ಬುಡು, ನಿಮ್ಮವ್ವನೂ ಬರ್ಲಿ ಅಂತ ಕರ್ದಿವ್ನಿ ಅಷ್ಟೇಯ’ ಎಂದರು.

ಈ ತಿಂಗಳು ಡಾಕ್ಟರ ಹತ್ತಿರ ಹೋಗುವ ದಿನಕ್ಕೆ ಸೀರೆ ತರುವ ಕೆಲಸ ಬಿತ್ತು. ಫಂಕ್ಷನ್ ಮುಗಿದ ಮೇಲೆ ಹೋಗೋಣ ಎಂದಿದ್ದಾರೆ ಅತ್ತೆ. ನಾನೂ ಹೂಂ ಎಂದೆ.

ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡಿ. ಗೆರೆಯ ಮೇಲೆ ಬರೆಯಲು ಹೊರಟರೆ ಗೆರೆಯೇ ಎರಡಾಗಿ ಕಾಣುತ್ತದೆ, ಕಣ್ಣು ಸ್ವಲ್ಪ ಮಂಜು. ಫೋನು ಜಾಸ್ತಿ ನೋಡಿದ್ದಕ್ಕಿರಬೇಕು.

ನೀವು ಕೇಳಿದ್ದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ ಅಕ್ಕ. ಭಾನುವಾರ ಬನ್ನಿ ಎಂದು ಕರೆಯುವ ಆಸೆ, ಆದರೆ ನಿಮ್ಮ ಹೊಟ್ಟೆಗೂ ಆ ಬಸ್ಸಿನ ಕುಲುಕಾಟಕ್ಕೂ ಆಗಿಬರುವುದಿಲ್ಲ. ಫೋಟೋ ಹಾಕುತ್ತೇನೆ.

ನಿಮ್ಮ
ಸಿಂಚನಾ

•

ಗುಬ್ಬಿ
2 ಸೆಪ್ಟೆಂಬರ್ 2024

ಬಸವಲಿಂಗಮ್ಮನವರಿಗೆ ಗುಬ್ಬಿಯ ಸಿದ್ದಗಂಗಮ್ಮ ಕೈಮುಗಿದು ಬರೆಯುವುದು.

ನೀವು ನನ್ನ ಮೇಲೆ ಸಿಟ್ಟಾಗಿದ್ದೀರಿ. ಸಿಟ್ಟಿನಲ್ಲೇ ಓದಿ, ಆದರೆ ಅರ್ಧಕ್ಕೆ ನಿಲ್ಲಿಸಬೇಡಿ. ಪೆಟ್ಟಿಗೆ ತಂದಿರುವವರು ನನ್ನ ಯಜಮಾನರು. ಇಂಥ ಮಾತನ್ನು ಬಾಯಿಬಿಟ್ಟು ಹೇಳುವವರಲ್ಲ ಅವರು. ನೀವು ಓದಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿರಬೇಕು, ಬೈದರೂ ಕದಲಬಾರದು ಎಂದು ಹೇಳಿ ಕಳಿಸಿದ್ದೇನೆ. ಪೆಟ್ಟಿಗೆಯಲ್ಲಿರುವ ಬಳೆ ಬರೀ ನೆಪ.

ನಿನ್ನೆ ಸೀಮಂತದ ಫೋಟೋ ಗ್ರೂಪಿಗೆ ಬಂತು. ಹುಡುಗಿ ಗೌರಿಯ ಹಾಗೆ ಕೂತಿದ್ದಳು. ಎಲ್ಲರೂ ಹೂವು, ಹೃದಯ ಹಾಕುತ್ತಿದ್ದಾಗ ನಾನೊಬ್ಬಳು, ‘ಸಿಂಚನಾ, ಕೈಯಲ್ಲಿರೋ ಬಳೆ ತಿರುಗುತ್ತಾ? ಇವತ್ತೇ ಬಿ.ಪಿ. ನೋಡ್ಸು, ನಾಳೆ ಅನ್ಬೇಡ’ ಎಂದು ಬರೆದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಅದನ್ನು ಅಳಿಸಿ ನನ್ನನ್ನು ಹೊರಗೆ ಹಾಕಿದರು. ಚೈತನ್ಯ ಮೇಡಂ ಫೋನ್ ಮಾಡಿ, ‘ಶುಭಕಾರ್ಯದ ದಿನ ಅಪಶಕುನ ನುಡೀಬಾರ್ದು ಗಂಗಮ್ಮ, ಇದು ಪಾಸಿಟಿವ್ ಗ್ರೂಪು’ ಎಂದರು. ಆಮೇಲೆ ಸಿಂಚನಾಳ ನಂಬರಿಗೆ ಎಷ್ಟು ಸಲ ಮಾಡಿದರೂ ಹೋಗುತ್ತಿಲ್ಲ. ಬ್ಲಾಕ್ ಮಾಡಿದ್ದಾರೆ ಎಂದು ಗೊತ್ತು. ಯಾರು ಮಾಡಿದರು ಎಂದು ನಾನು ಕೇಳುವುದಿಲ್ಲ.

ನನಗೆ ಡಾಕ್ಟರಿಕೆ ಬರುವುದಿಲ್ಲ, ಬಳೆಯ ಅಳತೆ ಬರುತ್ತದೆ. ಜುಲೈನಲ್ಲಿ ಎರಡು-ನಾಲ್ಕು ಅವಳ ಕೈಯಲ್ಲಿ ಸಲೀಸಾಗಿ ತಿರುಗುತ್ತಿತ್ತು. ಸೀಮಂತಕ್ಕೆ ಒಂದು ಸೈಜು ದೊಡ್ಡದು ಕಳಿಸಿದೆ, ಚಿನ್ನದ ಗೆರೆಯದು. ಫೋಟೋದಲ್ಲಿ ಅವಳ ಕೈಯಲ್ಲಿರುವುದು ಅದಲ್ಲ. ಗೆರೆಯಿಲ್ಲದ, ಇನ್ನೂ ದೊಡ್ಡ ಬಳೆ. ನನ್ನದು ಏರಲಿಲ್ಲ, ನೀವು ಬೇರೆ ತರಿಸಿ ಸೋಪು ಹಚ್ಚಿ ತೊಡಿಸಿದಿರಿ, ಅಲ್ಲವೇ? ಅಷ್ಟು ದೊಡ್ಡದೂ ಮಣಿಕಟ್ಟಿನಲ್ಲಿ ಹೂತುಕೊಂಡಿದೆ. ಇಷ್ಟು ಬೇಗ ಇಷ್ಟು ಊದುವುದು ತುಪ್ಪ ತಿಂದು ಬಂದ ಮೈಯಲ್ಲ ಅಮ್ಮ. ಅವಳು ನನಗೆ ಬರೆದ ಕಾಗದದಲ್ಲಿ ಗೆರೆ ಎರಡಾಗಿ ಕಾಣುತ್ತದೆ ಎಂದಿದ್ದಾಳೆ. ಬಿ.ಪಿ. ಎಷ್ಟು ಎಂದು ಕೇಳಿದ್ದಕ್ಕೆ ಉತ್ತರ ಬರೆದಿಲ್ಲ. ಈ ಗುಟ್ಟು ಹೇಳಿದ್ದಕ್ಕೆ ಅವಳು ನನ್ನ ಮೇಲೆ ಮುನಿಸಿಕೊಳ್ಳಲಿ, ಪರವಾಗಿಲ್ಲ.

ನಿಮಗೆ ಏಕೆ ಹೇಳಲಿಲ್ಲ ಎಂದು ನೊಂದುಕೊಳ್ಳಬೇಡಿ. ಹೆದರಿ ಅಲ್ಲ. ತಾಯಿಯ ಫೋಟೋಗೆ ಕಟ್ಟು ಹಾಕಿಸಿ ಪಕ್ಕದ ಕುರ್ಚಿಯಲ್ಲಿಟ್ಟ ಅತ್ತೆಯ ಕಾರ್ಯ ತನ್ನಿಂದ ನಿಲ್ಲಬಾರದು ಎಂದು ಬಾಯಿಮುಚ್ಚಿಕೊಂಡಿದ್ದಾಳೆ. ನೀವು ತೋರಿಸಿದ ಪ್ರೀತಿಗೆ ಅವಳು ಕೊಡುತ್ತಿರುವ ಮರ್ಯಾದೆ ಅದು. ಆದರೆ ಅಂಥ ಮರ್ಯಾದೆ ಜೀವಕ್ಕೆ ಕುತ್ತು ತರುತ್ತದೆ.

ಈಗ ಒಳಗೆ ಹೋಗಿ ಅವಳ ಕೈಯ ಬಳೆಯನ್ನು ಒಂದು ಸುತ್ತು ತಿರುಗಿಸಿ. ತಲೆ ನೋಯುತ್ತದೆಯೇ, ಪಕ್ಕೆಯ ಕೆಳಗೆ ನೋಯುತ್ತದೆಯೇ ಕೇಳಿ. ಇಲ್ಲ ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಿ.ಪಿ. ನೋಡುವುದಕ್ಕೆ ಹೊತ್ತೇನೂ ಹಿಡಿಯುವುದಿಲ್ಲ. ಎಲ್ಲ ಸರಿಯಿದ್ದರೆ ನಾನು ಈ ಹೊಟ್ಟೆ ಹೊತ್ತುಕೊಂಡೇ ನಿಮ್ಮ ಬಾಗಿಲಿಗೆ ಬಂದು ಬೈಸಿಕೊಂಡು ಹೋಗುತ್ತೇನೆ. ದೇವರ ದಯೆಯಿಂದ ನನ್ನ ಮಾತು ಸುಳ್ಳಾಗಲಿ.

ಸಿದ್ದಗಂಗಮ್ಮ

•

ತುಮಕೂರು, ಆಸ್ಪತ್ರೆಯಿಂದ
12 ಸೆಪ್ಟೆಂಬರ್ 2024

ಗುಬ್ಬಿ ಸಿದ್ದಗಂಗಮ್ಮನಿಗೆ,

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಕಾಗದ ಬರೆದು ಬಹಳ ಕಾಲವಾಯಿತು. ಫೋನಿನಲ್ಲಿ ಕಿರಣ ಎಲ್ಲ ತಿಳಿಸಿದ್ದಾನೆ, ಆದರೂ ನೀನು ಕಾಗದದಲ್ಲಿ ಕೇಳಿದ್ದಕ್ಕೆ ಕಾಗದದಲ್ಲೇ ಉತ್ತರ ಕೊಡಬೇಕು ಎಂದು ಬರೆಯುತ್ತಿದ್ದೇನೆ.

ಮೊದಲು ನಿನ್ನ ಗಂಡನನ್ನು ಚೆನ್ನಾಗಿ ಬೈದೆ. ‘ಯಾವ ಮಕ ಇಟ್ಕೊಂಡ್ ಬಂದ್ಯಪ್ಪ, ನಡಿ ಆಚೆಗೆ’ ಎಂದೆ. ಆ ಮನುಷ್ಯ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದ. ‘ಓದಿ ಅಮ್ಮ’ ಎಂಬುದೊಂದೇ ಮಾತು. ನೀರು ಕೊಟ್ಟರೆ ಅದನ್ನೂ ಕುಡಿಯಲಿಲ್ಲ. ಎಲ್ಲಿಂದ ಹುಡುಕಿದೆ ಇಂಥವನನ್ನು?

ಓದಿದೆ. ನಿನ್ನ ನಂಬರು ಬ್ಲಾಕ್ ಮಾಡು ಎಂದು ಕಿರಣನಿಗೆ ಹೇಳಿದ್ದು ನಾನೇ. ಅದನ್ನು ಬರೆದುಬಿಟ್ಟರೆ ನನ್ನ ಮನಸ್ಸು ಹಗುರ.

ಹುಡುಗಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸೀಮಂತದ ಆಯಾಸ ಎಂದುಕೊಂಡಿದ್ದೆ. ಕೈ ಹಿಡಿದು ಬಳೆ ತಿರುಗಿಸಲು ಹೋದೆ. ಕದಲಲಿಲ್ಲ. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತಿತು. ‘ತಲೆ ನೋಯ್ತದೇನವ್ವ’ ಎಂದೆ. ‘ಮೂರು ದಿನದಿಂದ ಅತ್ತೆ’ ಎಂದಳು. ‘ಯಾಕ್ ಹೇಳ್ನಿಲ್ಲ’ ಎಂದರೆ ನನ್ನ ಸೆರಗು ಹಿಡಿದುಕೊಂಡಳು. ನಿನ್ನ ಗಂಡನೇ ಓಡಿಹೋಗಿ ಆಟೋ ತಂದ. ಕುಣಿಗಲ್ ಆಸ್ಪತ್ರೆಯಲ್ಲಿ ಬಿ.ಪಿ. ಯಂತ್ರ ಕಟ್ಟಿದರು, ಡಾಕ್ಟರು ನನ್ನ ಮುಖ ನೋಡಿ, ‘ನಿಲ್ಲೋ ಹಾಗಿಲ್ಲ, ತುಮಕೂರಿಗೆ ನಡೀರಿ’ ಎಂದರು. ಆ್ಯಂಬುಲೆನ್ಸಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಶಿವನನ್ನು ಕರೆದೆ, ನಡುನಡುವೆ ನನ್ನನ್ನೇ ಬೈದುಕೊಂಡೆ.

ಆಪರೇಷನ್ ಮಾಡಿ ಮಗು ತೆಗೆಯಬೇಕು ಎಂದರು. ಒಳಗೆ ಕರೆದುಕೊಂಡು ಹೋಗುವ ಮೊದಲು ಕೈಯಲ್ಲಿ ಏನೂ ಇರಬಾರದಂತೆ. ಬಳೆ ಬರುತ್ತಿಲ್ಲ. ನರ್ಸಮ್ಮ ಒಡೆಯಬೇಕು ಎಂದಾಗ ನಾನು ಅಡ್ಡ ಬಂದೆ. ಹಿಂದಿನ ದಿನ ಮುತ್ತೈದೆಯರು ಹಾಡು ಹೇಳಿ ತೊಡಿಸಿದ ಬಳೆ. ಕೈಯ ಬಳೆ ಒಡೆಯುವುದು ನಮ್ಮಲ್ಲಿ ಯಾವಾಗ ಎಂದು ನಿನಗೆ ಹೇಳಬೇಕಾಗಿಲ್ಲ. ನರ್ಸಮ್ಮನಿಗೆ, ‘ನೀ ಬುಡವ್ವ, ನಾನೇ ಒಡಿತೀನಿ’ ಎಂದೆ. ಸೆರಗು ಸುತ್ತಿ, ಕೈಗೆ ಚುಚ್ಚದ ಹಾಗೆ, ಒಂದೊಂದಾಗಿ ನಾನೇ ಒಡೆದೆ. ಅವಳು ನೋಡುತ್ತಿದ್ದಳು. ‘ಅತ್ತೆ, ಅಪಶಕುನ’ ಎಂದಳು. ‘ಶಕುನ ನಾ ನೋಡ್ಕತೀನಿ, ನೀ ವಾಪಸ್ ಬಾ’ ಎಂದೆ.

ವಾಪಸು ಬಂದಳು. ಹೆಣ್ಣು ಮಗು. ಬಹಳ ಸಣ್ಣದು, ಎರಡು ಕೆ.ಜಿ. ಕೂಡ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮೊದಮೊದಲು ಉಸಿರಿಗೆ ಕಷ್ಟಪಟ್ಟಿತು, ಈಗ ತಾನೇ ಎಳೆದುಕೊಳ್ಳುತ್ತದೆ. ತಾಯಿಯ ಬಿ.ಪಿ. ಇಳಿಯುತ್ತಿದೆ. ಒಂದು ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ‘ಅದನ್ನ ಈಗ ಯಾಕ್ ಕೇಳ್ತೀರ ಬಿಡಿ’ ಎಂದರು. ನನಗೆ ಅರ್ಥವಾಯಿತು.

ನಿನ್ನನ್ನು ಹೊಗಳುವುದು ನನಗೆ ಬರುವುದಿಲ್ಲ. ಬಂದಾಗ ಊಟಕ್ಕೆ ಇರು.

ಬಸವಲಿಂಗಮ್ಮ

•

ಕುಣಿಗಲ್
20 ಅಕ್ಟೋಬರ್ 2024

ಗಂಗಕ್ಕ,

ಇವತ್ತು ಬೆಳಿಗ್ಗೆ ಫೋನಿನ ಪ್ರೆಗ್ನೆನ್ಸಿ ಆ್ಯಪ್ ಟಿಂಗ್ ಎಂದು, ‘ಇಂದು ನಿಮ್ಮ ಮಗು ಬರುವ ದಿನ!’ ಎಂದು ಹೇಳಿತು. ಅದಕ್ಕೆ ಯಾರೂ ವಿಷಯ ತಿಳಿಸಿಲ್ಲ ಪಾಪ. ಮಗು ನನ್ನ ಮಡಿಲಲ್ಲಿ ಮಲಗಿ ಆ ಬೆಳಕನ್ನೇ ಪಿಳಿಪಿಳಿ ನೋಡುತ್ತಿತ್ತು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ನೀನು ನನ್ನ ಗುಟ್ಟು ಹೇಳಿದ್ದಕ್ಕೆ ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಪೂರ್ತಿ ನಿನ್ನ ಮೇಲೆ ಸಿಟ್ಟಾಗಿದ್ದೆ. ಎರಡನೇ ದಿನ ಮಗುವನ್ನು ಎದೆಯ ಮೇಲೆ ಮಲಗಿಸಿದರು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಗೆಯೇ ‘ನೀವು’ ಎನ್ನುವುದೂ ಹೋಗಿದೆ, ಗಮನಿಸಿದೆಯಾ?

ಹೆಸರಿಟ್ಟೆವು. ಗಂಗಾಂಬಿಕೆ. ಅತ್ತೆ ನಿನಗೆ ಒತ್ತಿ ಹೇಳು ಎಂದಿದ್ದಾರೆ, ‘ಅವ್ಳ ಹೆಸ್ರು ಇಟ್ವು ಅಂತ ಬೀಗ್ಬ್ಯಾಡ ಅನ್ನು, ಬಸವಣ್ಣೋರ ಹೆಂಡ್ತಿ ಹೆಸ್ರು ಅದು.’ ಆದರೆ ಮಗುವನ್ನು ಎತ್ತಿಕೊಂಡಾಗ ಅವರು ಕರೆಯುವುದು ‘ಗಂಗೂ’ ಎಂದೇ.

ಅವರೀಗ ಗ್ರೂಪಿನಲ್ಲಿದ್ದಾರೆ! ಸ್ವಂತ ಫೋನು, ಸ್ವಂತ ಹೆಸರು. ಬಂದ ದಿನವೇ ಚೈತನ್ಯ ಮೇಡಂಗೆ ಧ್ವನಿ ಸಂದೇಶ ಕಳಿಸಿದರು: ‘ಗಂಗಮ್ಮನ್ನ ವಾಪಸ್ ಹಾಕವ್ವ. ನಂಗೆ ಪಾಸಿಟಿವ್ ಗೀಸಿಟಿವ್ ಗೊತ್ತಿಲ್ಲ, ನನ್ ಸೊಸೆ ಉಳ್ದವ್ಳೆ.’ ನೀನು ವಾಪಸು ಬಂದದ್ದು ಹಾಗೆ. ಮೇಡಂ ನಿನಗೆ ಫೋನ್ ಮಾಡಿ ಕ್ಷಮೆ ಕೇಳಿದರಂತಲ್ಲ, ಒಳ್ಳೆಯದಾಯಿತು. ಈಗ ಯಾರ ಸೀಮಂತದ ಫೋಟೋ ಬಂದರೂ ಅತ್ತೆಯದೇ ಮೊದಲ ಉತ್ತರ, ‘ಚೆನ್ನಾಗಿದ್ದೀ ಕಣವ್ವ. ಬಳೆ ತಿರುಗುತ್ತಾ? ಬಿ.ಪಿ. ಎಷ್ಟು?’ ಮೊನ್ನೆ ತುರುವೇಕೆರೆಯವಳು ಫೋಟೋದ ಬದಲು ಬಳೆ ತಿರುಗಿಸುವ ವಿಡಿಯೋವನ್ನೇ ಹಾಕಿದಳು.

ನಾಮಕರಣದ ದಿನ ದೇವರ ಮುಂದಿದ್ದ ನಿನ್ನ ಚಿನ್ನದ ಗೆರೆಯ ಬಳೆ ತೆಗೆದುಕೊಟ್ಟರು. ಸೋಪಿಲ್ಲದೆ ಏರಿದವು. ಒಂದು ಕೈಗೆ ಅತ್ತೆ ತೊಡಿಸಿದರು, ಇನ್ನೊಂದು ಕೈಗೆ ಅಮ್ಮನ ಫೋಟೋದ ಮುಂದೆ ಕೂತು ನಾನೇ ತೊಟ್ಟೆ.

ಈಗ ನಾನು ಕೇಳುತ್ತೇನೆ. ಈ ತಿಂಗಳು ನಿನ್ನ ಬಿ.ಪಿ. ಎಷ್ಟು? ದೀಪಾವಳಿ ವ್ಯಾಪಾರ ಎಂದು ಫೋನಿನಲ್ಲಿ ಎರಡು ಸಲ ಮಾತು ತೇಲಿಸಿದೆ. ಪ್ರಶ್ನೆಗೆ ಉತ್ತರ ಬಾರದಿದ್ದರೆ ಏನರ್ಥ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಈ ಕಾಗದವನ್ನು ಬಸ್ಸಿನವನ ಕೈಗೆ ಕೊಡುತ್ತಿಲ್ಲ. ತರುವವರು ನೀನು ಓದಿ ಮುಗಿಸುವವರೆಗೆ ಅಂಗಡಿ ಬಾಗಿಲಲ್ಲೇ ನಿಂತಿರುತ್ತಾರೆ. ಬೈದರೂ ಕದಲುವುದಿಲ್ಲ, ನೀನು ಒಂದು ಬೈದರೆ ಅವರು ನಾಲ್ಕು ಬೈಯುತ್ತಾರೆ.

ನಿನ್ನ
ಸಿಂಚನಾ

•

ತುಮಕೂರು, ಆಸ್ಪತ್ರೆಯಿಂದ
22 ಅಕ್ಟೋಬರ್ 2024

ಸಿಂಚನಾ,

ನೂರ ನಲವತ್ತೆಂಟು, ತೊಂಬತ್ತಾರು. ಪ್ರಶ್ನೆಗೆ ಉತ್ತರ ಮೊದಲ ಸಾಲಿನಲ್ಲೇ ಇದೆ, ಇನ್ನು ಬಯ್ಯಬೇಡ.

ಗಾಬರಿಯಾಗುವಷ್ಟು ಇಲ್ಲವಂತೆ, ಆದರೆ ಒಂದಷ್ಟು ದಿನ ಇಲ್ಲೇ ಮಲಗಿರಬೇಕು. ಮಾತ್ರೆ ಕೊಟ್ಟಿದ್ದಾರೆ. ಮಗುವಿನ ಎದೆಬಡಿತ ಕೇಳಿಸಿದರು, ಕುದುರೆ ಓಡಿದ ಹಾಗಿತ್ತು, ನಿಮ್ಮೂರಿನ ಕುದುರೆ ಫಾರಂ ನೆನಪಾಯಿತು. ಅದೇ ವಾರ್ಡು, ಅದೇ ಸೀಲಿಂಗ್ ಫ್ಯಾನು. ಈ ಸಲ ನನಗೆ ಭಯವಿಲ್ಲ. ಸರಿಯಾದ ಹೊತ್ತಿಗೆ ಬಂದಿದ್ದೇನೆ.

ನಿಮ್ಮತ್ತೆ ಮೊನ್ನೆ ಬಂದಾಗ ಅಂಗಡಿ ತುಂಬ ಗಿರಾಕಿಗಳು. ಮೆಟ್ಟಿಲ ಮೇಲೆ ಕಂಬದ ಹಾಗೆ ನಿಂತರು. ‘ಒಳಗೆ ಬನ್ನಿ ಅಮ್ಮ’ ಎಂದೆ. ‘ಮೊದ್ಲು ಓದು’ ಎಂದರು. ‘ಹಬ್ಬ ಮುಗೀಲಿ ಅಮ್ಮ, ಆಮೇಲೆ ನೋಡಿಸ್ತೀನಿ’ ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ಅವರು ಏನೂ ಬಯ್ಯಲಿಲ್ಲ. ‘ನಾನೂ ಹಂಗೇ ಅಂದಿದ್ದೆ ಕಣವ್ವ’ ಎಂದರು, ಅಷ್ಟೇ. ಗಲ್ಲಾದ ಹಿಂದಿದ್ದ ಚಂದ್ರು ಎದ್ದು ಹೋಗಿ ಶಟರ್ ಎಳೆದರು.

ಇನ್ನೊಂದು ಮಾತು ಗ್ರೂಪಿಗೆ ಹೇಳಬೇಕು, ಬಳೆ ತಿರುಗಿದರೂ ಬಿ.ಪಿ. ಏರಿರಬಹುದು. ನಾನು ಬರೆದರೆ ಡಾಕ್ಟರು ಫೋನು ಕಿತ್ತುಕೊಳ್ಳುತ್ತಾರೆ, ನೀನೇ ಬರೆ. ನಿಮ್ಮತ್ತೆ ಅಂಗಡಿಯಲ್ಲಿ ನನ್ನ ಕೈ ಹಿಡಿದು ಬಳೆ ತಿರುಗಿಸಿ ನೋಡಿದರು. ಸಲೀಸಾಗಿ ತಿರುಗಿತು. ‘ನೋಡಿದ್ರಾ, ತಿರುಗುತ್ತೆ’ ಎಂದು ನಾನು ನಕ್ಕೆ.

‘ತಿರುಗ್ಲಿ ಬುಡು, ನಡಿ’ ಎಂದು ಕೈ ಬಿಡದೆ ಬಸ್ಸು ಹತ್ತಿಸಿದರು.

ಗಂಗಕ್ಕ